ಸಂದಿಲ್ಲದ ಹಾಡು

ಬಹಳ ಹಿಂದೆ, ಬೆಟ್ಟಗಳಾಚೆ ಸ್ವರಗಿರಿ ಎಂಬ ರಾಜ್ಯವಿತ್ತು. ಅಲ್ಲಿದ್ದ ಮಾಂತ್ರಿಕ ಕರಾಳಜಂಘನಿಗೆ ಹಾಡೆಂದರೆ ಮೈಯೆಲ್ಲ ಉರಿ. ತನ್ನ ಕೋಟೆಬಾಗಿಲಲ್ಲಿ ಗುನುಗಿದಳೆಂದು ಪುಟ್ಟ ಹುಡುಗಿ ತೆಕ್ಲಾಳನ್ನು ಮೊಣಕಾಲಿನವರೆಗೆ ಕಲ್ಲು ಮಾಡಿಬಿಟ್ಟ, ಪುಣ್ಯಾತ್ಮ.

ಅವಳ ಅಕ್ಕ ಯೂಫ್ರೇಜಿಯಾ ಇಗರ್ಜಿಯ ಪ್ರಾರ್ಥನೆಯಲ್ಲಿ ಹಾಡುವವಳು. ಅವಳು ಓಡಿಬಂದು ಬೇಡಿಕೊಂಡಾಗ ಮಾಂತ್ರಿಕ ಮೀಸೆ ತಿರುವಿ ಷರತ್ತು ಹಾಕಿದ. ಎಲ್ಲೂ ನಿಲ್ಲದೆ ಒಂದು ಹಾಡು ಹಾಡಿ ಮುಗಿಸಿದರೆ ತಂಗಿ ಬಿಡುಗಡೆ. ನಡುವೆ ಸಂದು ಸಿಕ್ಕರೆ ಅವನು ಸಾಕಿದ ಮಾಯಾತೋಳ ಹಾಡನ್ನು ನುಂಗುತ್ತದೆ, ಕಲ್ಲು ಮೇಲೇರುತ್ತದೆ. ಅವಕಾಶ ಮೂರೇ ಮೂರು.

ಯೂಫ್ರೇಜಿಯಾ ಇಗರ್ಜಿಯ ಹಳೆಯ ಹಾಡೆತ್ತಿದಳು. ಅದಕ್ಕೆ ತಾಳವಿಲ್ಲ, ನೀರಿನಂತೆ ಹರಿಯುತ್ತದೆ. ಆದರೆ ಮನುಷ್ಯರು ಉಸಿರಾಡಲೇಬೇಕಲ್ಲ! ಅವಳು ಉಸಿರೆಳೆದಳು, ತೋಳ ಗುಳುಂ ಎಂದಿತು. ತೆಕ್ಲಾ ಸೊಂಟದವರೆಗೆ ಕಲ್ಲಾದಳು.

ಅಕ್ಕನ ಅಳು ಕೇಳಿ ದರ್ಗಾದ ಮುದುಕ ಫಕೀರ ಹುಸನಸಾಬ ಬಂದ. ಅವನ ಹಾಡು ಒಂದೇ ಸಾಲನ್ನು ಮತ್ತೆ ಮತ್ತೆ ಹಿಡಿದು ಏರುವಂಥದು. ಜೊತೆಗೆ ಹಾಡೋಣವೆಂದ. ಇಬ್ಬರೂ ಚೆನ್ನಾಗಿಯೇ ಶುರುಮಾಡಿದರು. ಒಂದು ಕಡೆ ಹಿರಿಯರಿಗೆ ಮೊದಲಾಗಲಿ ಎಂದು ಅವಳು ನಿಂತಳು, ಹೆಣ್ಣುಮಗಳಿಗೆ ಮೊದಲಾಗಲಿ ಎಂದು ಅವನೂ ನಿಂತ. ಸಂದು ಮುಚ್ಚಲು ಫಕೀರ ಚಪ್ಪಾಳೆ ತಟ್ಟಿದರೂ ತೋಳ ಮೋಸಹೋಗಲಿಲ್ಲ. ತೆಕ್ಲಾ ಕೊರಳವರೆಗೆ ಕಲ್ಲಾದಳು, ತಲೆ ತಿರುಗಿಸಿ ನೋಡಲೂ ಆಗದಂತೆ.

ಯೂಫ್ರೇಜಿಯಾ ತಂಗಿಯ ಕಲ್ಲುಮೈಯನ್ನು ತಬ್ಬಿಕೊಂಡಳು. ಫಕೀರ ಅವಳ ತಲೆ ಸವರಿದ. "ಮರ್ಯಾದೆ ಸಾಕು ಮಗಳೇ. ನೀನು ಉಸಿರು ತಗೊಳ್ಳೋವಾಗ ನಾನಿರ್ತೀನಿ, ನಾನು ತಗೊಳ್ಳೋವಾಗ ನೀನಿರು."

ಹಾಗೆಯೇ ಹಾಡಿದರು. ಅವಳ ಸ್ವರ ಇಳಿಯುವಲ್ಲಿ ಅವನದು ಏರಿತು, ಅವನ ಸಾಲು ಮುಗಿಯುವಲ್ಲಿ ಅವಳದು ಹರಿಯಿತು. ಎರಡು ಹಾಡು ಎರಡು ಕಡೆ ಮುಗಿಯಲೇಬೇಕು, ಆಗ ಸಂದು ಸಿಗುತ್ತದೆಂದು ತೋಳ ಬಾಯಿ ತೆರೆದು ಕಾಯಿತು. ಯೂಫ್ರೇಜಿಯಾಳಿಗೂ ಅದೇ ಭಯ. ಕಣ್ಣು ಮುಚ್ಚಿ "ಆಮೆನ್" ಎಂದಳು. ಅದೇ ಗಳಿಗೆಗೆ ಫಕೀರ "ಆಮೀನ್" ಎಂದ. ಒಂದೇ ಮಾತು ಎರಡು ಬಾಯಲ್ಲಿ ಬಂದಿತ್ತು.

ಸಿಟ್ಟಿಗೆದ್ದ ಮಾಂತ್ರಿಕ ಮಂತ್ರ ಶುರುಮಾಡಿದ. ನಡುವೆ ಅವನೂ ಉಸಿರೆಳೆದ. ಹಸಿದಿದ್ದ ತೋಳ ಆ ಮಂತ್ರವನ್ನೇ ನುಂಗಿತು. ಅಷ್ಟೇ, ಕರಾಳಜಂಘ ಬರಿಯ ಬಡಕಲು ಮುದುಕನಾಗಿ ಕುಸಿದ. ಹುಸನಸಾಬ ಅವನಿಗೆ ನೀರು ಕುಡಿಸಿದ.

ಕಲ್ಲು ಕರಗಿ ತೆಕ್ಲಾ ಅಕ್ಕನ ಮಡಿಲಿಗೆ ಬಿದ್ದಳು. ಅಕ್ಕನ ಕಣ್ಣೀರು ನಿಲ್ಲಲೇ ಇಲ್ಲ. ಆಮೇಲೆ ಎಲ್ಲರೂ ಸುಖವಾಗಿದ್ದರು, ತೋಳವೂ. ಆದರೆ ಅಂದು ತೆಕ್ಲಾ ಫಕೀರನನ್ನು ಬೆರಗಿನಿಂದ ನೋಡಿ ಕೇಳಿದ್ದು ಒಂದೇ ಮಾತು.

"ಅಕ್ಕಾ, ಅಜ್ಜನೂ ಹಾಡಿದ್ರಾ? ನನಗೆ ಒಂದೇ ಗಂಟಲು ಕೇಳಿಸ್ತು."