ಏಳನೇ ಬೀರು

ಆಣೆ ಮಾಡಿ ಹೇಳ್ತೀನಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ಆ ವಠಾರದ ಹಲ್ಲಿಯನ್ನೇ ಕೇಳಿ.

"ಎಡಕ್ಕೆ! ಅಯ್ಯೋ, ನನ್ನ ಎಡಕ್ಕಲ್ಲ, ಬೀರು ಎಡಕ್ಕೆ!" ಅಂತ ಒಳಗಿಂದ ಚೂಟಿಯ ಅಪ್ಪ ಕೂಗಿದ.

ಹೊರಗಿಂದ ಪೇಂಟರ್ ಮಾಮ ನೂಕಿದ. ಬೀರು ಬಾಗಿಲಲ್ಲೇ ಸಿಕ್ಕಿಕೊಂಡಿತು. ಚೂಟಿ ಬೀದಿಯಲ್ಲಿ, ಅವಳ ಸ್ಕೂಲ್ ಬ್ಯಾಗು ಮನೆಯಲ್ಲಿ.

ಅದು ಆ ಮನೆಗೆ ಬಂದ ಏಳನೇ ಬೀರು. ಮನೆ ಅಂದರೆ ಒಂದೇ ರೂಮು.

ಆಗಿದ್ದಿಷ್ಟೇ. ಅಪ್ಪ, ಪೇಂಟರ್ ಮಾಮ, ವಠಾರದವರೆಲ್ಲ ದೂರದೂರದ ಊರುಗಳಿಂದ ಕುರ್ಚಿ ಫ್ಯಾಕ್ಟರಿ ಕೆಲಸಕ್ಕೆ ಬಂದವರು. ಈಗ ಆರ್ಡರೇ ಇಲ್ಲ. ಕೈಯಲ್ಲಿ ಕಾಸಿಲ್ಲದಾಗ ಹೊಸ ಕುರ್ಚಿ ಯಾರಿಗೆ ಬೇಕು? ಹಳೇದಕ್ಕೇ ಎರಡು ಮೊಳೆ ಹೊಡೆದು ಕೂತ್ಕೋತಾರೆ. ವಾರಕ್ಕೆ ಆರು ದಿನ ಇದ್ದ ಕೆಲಸ ಮೂರು ದಿನಕ್ಕೆ ಇಳೀತು. ಒಬ್ಬೊಬ್ಬರೇ ಗಂಟುಮೂಟೆ ಕಟ್ಟಿ ಊರಿಗೆ ಹೊರಟರು. ಗಂಟಲ್ಲಿ ಹಿಡಿಯದ್ದೆಲ್ಲ ಚೂಟಿ ಮನೆಗೆ ಬಂತು.

ಏಳು ಬೀರು, ಹನ್ನೊಂದು ಫ್ಯಾನು, ನಾಲ್ಕು ಸೈಕಲ್ಲು. ಅಮ್ಮ ಬಡಿಸಿದ ತಟ್ಟೆ ಸೈಕಲ್ ಕ್ಯಾರಿಯರ್ ಮೇಲೆ ಸವಾರಿ ಮಾಡ್ಕೊಂಡು ಬರಬೇಕು. ಓಡಾಡೋಕೆ ಗೋಡೆ ಸಿಗದೆ ಹಲ್ಲಿ ಪಕ್ಕದ ಮನೆಗೆ ಶಿಫ್ಟ್ ಆಗಿತ್ತು.

ಚೂಟಿಗೆ ನಗು ಬರ್ತಿತ್ತು. ಆದರೆ ಫೋನ್ ಬಡ್ಕೊಂಡ ತಕ್ಷಣ ಆ ನಗು ನಿಂತುಹೋಗ್ತಿತ್ತು. ಊರಿಂದ ದೊಡ್ಡಪ್ಪ ದಿನಾ ಫೋನ್ ಮಾಡ್ತಿದ್ದ: "ವಾಪಸ್ ಬಂದುಬಿಡೋ, ನನ್ನ ಅಂಗಡೀಲಿ ಕೂತ್ಕೊ."

ಹೋದರೆ ಮತ್ತೆ ಹೊಸ ಸ್ಕೂಲು. ಆಗಲೇ ಮೂರು ಸ್ಕೂಲು ಆಗಿತ್ತು. ಯಾವ ಸ್ಕೂಲಿಗೆ ಹೋದರೂ ಅಲ್ಲಿ ಆಗ ತಾನೇ ಮೊದಲನೇ ಪಾಠ ಶುರುವಾಗಿರ್ತಿತ್ತು. ಗಿಡಕ್ಕೆ ಬೇರು ಇರುತ್ತೆ ಅನ್ನೋದನ್ನ ಅವಳು ಮೂರು ಸಲ ಕಲಿತಿದ್ದಳು. ಕೊನೇ ಪಾಠದಲ್ಲಿ ಜ್ವಾಲಾಮುಖಿ ಇದೆಯಂತೆ. ಅಲ್ಲಿವರೆಗೆ ಒಂದು ಸಲಾನೂ ಮುಟ್ಟಿರಲಿಲ್ಲ. ಈ ಸಲ ಇನ್ನು ಎರಡೇ ಪಾಠ ಬಾಕಿ.

ಪೇಂಟರ್ ಮಾಮ ಬೆವರು ಒರೆಸಿಕೊಂಡ. "ಅಲ್ಲಣ್ಣಾ, ಇದನ್ನ ಗುಜರಿಗೆ ಹಾಕ್ತೀನಿ ಅಂದೆ ನಾನು. ನನಗೇ ಕೊಡು ಅಂತ ಗಂಟುಬಿದ್ದೋರು ನೀವು. ಇದಕ್ಕೆ ಬಾಗಿಲೂ ಇಲ್ಲ!"

"ಶ್! ನೂಕಯ್ಯಾ ಸುಮ್ಮನೆ."

ಅಷ್ಟರಲ್ಲಿ ಕಟ್ಟೆ ಮೇಲಿದ್ದ ಅಪ್ಪನ ಫೋನು ಬಡ್ಕೊಳ್ತು. ಚೂಟಿ ಸ್ಪೀಕರ್ ಹಾಕಿ ಬೀರು ಸಂದಿಗೆ ಹಿಡಿದಳು.

"ಈ ವಾರ ಹೊರಡ್ತೀಯ ತಾನೇ?" ದೊಡ್ಡಪ್ಪ.

"ಹೆಂಗೆ ಬರ್ಲಣ್ಣಾ? ಏಳು ಮನೆ ಸಾಮಾನು ನನ್ನ ತಲೆ ಮೇಲಿದೆ."

"ಬೇರೆಯವರ ಮನೇಲಿ ಇಟ್ಟು ಬಾರೋ."

"ಬೇರೆಯವರು ಯಾರಿದ್ದಾರೆ? ಎಲ್ಲ ಹೋಗಿಬಿಟ್ರು. ಬೇಡ ಬೇಡ ಅಂದ್ರೂ ತಂದು ಸುರೀತಾರಣ್ಣಾ!"

ಪೇಂಟರ್ ಮಾಮನ ಬಾಯಿ ತೆರೆದದ್ದು ತೆರೆದೇ ಇತ್ತು.

"ಸ್ಕೂಲಿಗೆ ರಜಾ ಬರೋವರೆಗೂ ನಾನು ಅಲ್ಲಾಡೋ ಹಾಗಿಲ್ಲ," ಅಂದ ಅಪ್ಪ.

"ಬೀರುಗೂ ಸ್ಕೂಲಿಗೂ ಏನೋ ಸಂಬಂಧ?"

ಚೂಟಿ ಸಂದಿಯಲ್ಲಿ ಇಣುಕಿದಳು. ಅಪ್ಪನ ಒಂದು ಕಣ್ಣು ಮಾತ್ರ ಕಾಣ್ತಿತ್ತು. ಅದು ಅವಳನ್ನ ನೋಡಿ, ಥಟ್ಟನೆ ಸೂರಿನ ಕಡೆ ತಿರುಗಿತು.

ಚೂಟಿ ಬೆರಳು ಮಡಚಿ ಎಣಿಸಿದಳು: ಎರಡು ಪಾಠ, ಜ್ವಾಲಾಮುಖಿ, ಆಮೇಲೇ ರಜಾ.

"ಅದೂ... ಈ ಬೀರು ಇದೆಯಲ್ಲಣ್ಣಾ, ಇದು ಅಂತಿಂಥ ಬೀರು ಅಲ್ಲ. ಇದರ ಕತೆ ಕೇಳಿದ್ರೆ ನೀನು..."

ಚೂಟಿ ಫೋನನ್ನ ಪೇಂಟರ್ ಮಾಮನ ಕೈಗಿಟ್ಟಳು. ಬೀರು ಕೆಳಗೆ ಕೈ ತೂರಿಸಿ ಬ್ಯಾಗು ಎಳ್ಕೊಂಡಳು.

"ನೀನು ನಿಧಾನಕ್ಕೆ ಹೇಳಪ್ಪಾ. ನಂಗೆ ಸ್ಕೂಲಿಗೆ ಟೈಮಾಯ್ತು."

ಅವಳು ಬೀದಿ ತಿರುವು ದಾಟುವಾಗಲೂ ಅಪ್ಪನ ದನಿ ಕೇಳ್ತಾನೇ ಇತ್ತು. "ರಾಜರ ಕಾಲದ್ದು ಕಣಣ್ಣಾ! ಇದನ್ನ ಎತ್ತೋಕೆ ಎರಡು ಆನೆ ತರಿಸಿದ್ರೆ, ಅದರಲ್ಲಿ ಒಂದು ಆನೆ..."