ಕುಂಕುಮದಲ್ಲಿ ಬರೆದ ಬೆಂಕಿ ಮಂತ್ರ

"ಯಾರೂ ಮುಟ್ಬೇಡ್ರಿ! ಮುಟ್ಟಿದ್ರೆ ನಿಮ್ ಗತಿ ನೆಟ್ಟಗಿರಲ್ಲ!"

ಗಿರಿಯಮ್ಮ ಪೊರಕೆಯ ತುದಿಯಲ್ಲಿ ಒಂದು ಕಾಗದವನ್ನು ಎತ್ತಿ ಹಿಡಿದಿದ್ದರು. ಕೊಟ್ಟಿಗೆಯ ಬಾಗಿಲಲ್ಲಿ ಅರ್ಧ ಬೀದಿ ನಿಂತಿತ್ತು. ಇನ್ನರ್ಧ ಬೀದಿ ಓಡಿ ಬರುತ್ತಿತ್ತು. ಹಾರನಹಳ್ಳಿಯಲ್ಲಿ ಇಂಥ ಸುದ್ದಿಗೆ ಕಾಲು ಬೇಗ ಬರುತ್ತದೆ.

ಸ್ಕೂಲಿಗೆ ಹೋಗಲು ಯುವರಾಜನನ್ನು ಕರೆಯೋಣವೆಂದು ಬಂದಿದ್ದ ಕೋಮಲ ದೊಡ್ಡವರ ಸಂದಿಯಲ್ಲಿ ತಲೆ ತೂರಿಸಿದಳು. ನೋಡಿದವಳೇ ತಲೆಯನ್ನು ಹಿಂದಕ್ಕೆ ಎಳೆದುಕೊಂಡಳು.

ಅದು ಅವಳದೇ ಕಾಗದ.

"ಎರಡು ದಿನದಿಂದ ಕೆಂದಿ ಬೆಳಗ್ಗೆ ಹೊತ್ತು ಒಂದು ಲೋಟ ಹಾಲು ಕೊಟ್ಟಿಲ್ಲ," ಎಂದರು ಗಿರಿಯಮ್ಮ. ಕೆಂದಿ ಅವರ ಕೆಂಪು ಹಸು. "ಯಾಕಪ್ಪಾ ಅಂತ ಕೊಟ್ಟಿಗೆ ಗುಡಿಸ್ತಿದ್ರೆ ಗೋಡೆ ಗೂಡಲ್ಲಿ ಇದು ಸಿಕ್ತು. ಲೋ ಜವರ, ಏನ್ ಬರ್ದವ್ರೆ ಓದ್ಲಾ."

ಜವರಣ್ಣ ಅವರ ಮಗ, ಯುವರಾಜನ ಅಪ್ಪ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಬಗ್ಗಿ ಓದಿದರು. "ಬೆಂಕಿ... ಮಂತ್ರ."

ಬೀದಿಯವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

"ಅದರ ಕೆಳಗೆ ಬಾಣದ ಗುರುತು ಐತೆ. ಕೆಳಕ್ಕೊಂದು, ಕೆಳಕ್ಕಿನ್ನೊಂದು, ಮುಂದಕ್ಕೊಂದು. ಆಮೇಲೆ 'ಎ' ಅಂತ ಐತೆ. ಕಡೇಲಿ..." ಜವರಣ್ಣ ಗಂಟಲು ಸರಿಮಾಡಿಕೊಂಡರು. "'ಮೂರು ಸಲ ಬಿಟ್ಟರೆ ಸಾಯ್ತಾನೆ' ಅಂತ ಬರ್ದವ್ರೆ ಕಣವ್ವ."

"ಅಯ್ಯೋ ತಿಮ್ಮಪ್ಪ! ಅದೂ ಕುಂಕುಮದಲ್ಲಿ!"

ಕುಂಕುಮದಲ್ಲಿ ಏಕೆ ಬರೆದದ್ದೆಂದರೆ, ಕೋಮಲಳ ಕೆಂಪು ಸ್ಕೆಚ್ ಪೆನ್ ಒಣಗಿಹೋಗಿತ್ತು. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಯುವರಾಜನ ಮನೆಗೆ ವಿಡಿಯೋ ಗೇಮ್ ಬಂದು ಆರು ತಿಂಗಳಾಗಿತ್ತು. ಟೀವಿಗೆ ವೈರ್ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಆಡುವ ಫೈಟಿಂಗ್ ಗೇಮ್. ಅದರಲ್ಲಿ ಒಬ್ಬ ಗಡ್ಡದ ತಾತ ಇದ್ದ. ನಡಿಗೆ ನಿಧಾನ, ಗುದ್ದಿದರೆ ಸೊಳ್ಳೆಗೂ ನೋವಾಗದು. ಆದರೆ ಬಾಣದ ಬಟನ್‌ಗಳನ್ನೂ 'ಎ' ಬಟನ್ನನ್ನೂ ಸರಿಯಾದ ಕ್ರಮದಲ್ಲಿ ಒತ್ತಿದರೆ ಅವನ ಅಂಗೈಯಿಂದ ಬೆಂಕಿಯ ಉಂಡೆ ಹಾರುತ್ತಿತ್ತು. ಆ ಕ್ರಮವನ್ನು ಅರಸೀಕೆರೆಯಲ್ಲಿರುವ ಮಾವನ ಮಗ ಲೋಕೇಶ್ ಕೋಮಲಳಿಗೆ ಹೇಳಿಕೊಟ್ಟಿದ್ದ. 'ಬೆಂಕಿ ಮಂತ್ರ' ಎಂದು ಹೆಸರಿಟ್ಟವನೂ ಅವನೇ.

ಮರೆತುಹೋಗದಿರಲಿ ಎಂದು ಕೋಮಲ ಕುಂಕುಮವನ್ನು ನೀರಲ್ಲಿ ಕಲಸಿ, ಬೆಂಕಿಕಡ್ಡಿಯಲ್ಲಿ ಅದ್ದಿ ಬರೆದುಕೊಂಡಿದ್ದಳು. ಜೇಬಲ್ಲಿಟ್ಟುಕೊಂಡರೆ ಯುವರಾಜ್ ಕಿತ್ತುಕೊಳ್ಳುತ್ತಾನೆ. ಆದ್ದರಿಂದ ಅವರ ಮನೆಯ ಕೊಟ್ಟಿಗೆಯ ಗೂಡಲ್ಲೇ ಬಚ್ಚಿಟ್ಟಿದ್ದಳು! ಆಟಕ್ಕೆ ಹೋಗುವ ಮುಂಚೆ ಕರು ನೋಡುವ ನೆಪದಲ್ಲಿ ಒಮ್ಮೆ ಕಣ್ಣಾಡಿಸಿ ಹೋಗುವುದು. ನಾಲ್ಕು ಭಾನುವಾರ ಅವಳೇ ಗೆದ್ದಿದ್ದಳು. "ಅದು ಹೆಂಗ್ ಬರುತ್ತೇ?" ಎಂದು ಯುವರಾಜ್ ಗೋಗರೆದರೆ, "ತಾನಾಗೇ ಬರುತ್ತೆ ಕಣೋ," ಎಂದು ಬೀಗುತ್ತಿದ್ದಳು.

"ಯಾರದು ಈ ಕೈಬರಹ?" ಯಾರೋ ಕೇಳಿದರು.

"ಈ ಬೀದೀಲಿ ಹಿಂಗೆ ಸೊಟ್ಟಸೊಟ್ಟಗೆ ಬರೆಯೋಳು ಇನ್ಯಾರವ್ರೆ?" ಗಿರಿಯಮ್ಮ ಪಕ್ಕದ ಮನೆಯ ಕಡೆ ಪೊರಕೆ ತೋರಿಸಿದರು. "ಮೊನ್ನೆ ನುಗ್ಗೆಮರದ ಕೊಂಬೆ ಕಡಿದ್ವಿ ಅಂತ ನನ್ ಮೇಲೆ ಕೂಗಾಡಿದ್ಲಲ್ಲ, ಆ ಗಿಡ್ಡಮ್ಮನೇ. ಮಾಟ ಮಾಡವ್ಳೆ! ನಾಳೆ ಶನಿವಾರ. ಮಾಲೇಕಲ್ಲು ಬೆಟ್ಟ ಹತ್ತಿ, ತಿಮ್ಮಪ್ಪನ ಮುಂದೆ ಉರಿಯೋ ಕರ್ಪೂರ ಅಂಗೈಲಿ ಆರಿಸಿ, 'ನಾನಲ್ಲ' ಅಂತ ಆಣೆ ಮಾಡ್ಲಿ."

"ನಾನಲ್ಲ ಕಣೇ ಗಿರಿ. ಬತ್ತೀನಿ ನಡಿ, ಆಣೆ ಮಾಡ್ತೀನಿ," ಎಂದಿತು ಬೇಲಿಯಾಚೆಯಿಂದ ಒಂದು ಸಣ್ಣ ದನಿ.

ಕೋಮಲಳ ನಾಲಗೆಯ ತುದಿಯವರೆಗೆ 'ನಾನು' ಎಂಬ ಮಾತು ಬಂತು. ಅಷ್ಟು ಜನರ ಮುಖ ನೋಡಿ ಅದು ಒಳಗೇ ಹೋಯಿತು. ಹೇಳಿದರೆ ಅಮ್ಮ ಬೆನ್ನಿಗೆ ಬಾರಿಸುತ್ತಾಳೆ. ವಿಡಿಯೋ ಗೇಮ್ ಅಟ್ಟ ಸೇರುತ್ತದೆ. ಬೆಂಕಿ ಮಂತ್ರವೂ ಊರಿಗೆಲ್ಲ ಗೊತ್ತಾಗುತ್ತದೆ. ಅಷ್ಟರಲ್ಲಿ ಸ್ಕೂಲ್ ಬೆಲ್ ಕೇಳಿಸಿತು. ಅವಳು ಓಡಿಬಿಟ್ಟಳು.

ಅವತ್ತು ಸ್ಕೂಲಲ್ಲಿ ಯಾವ ಪಾಠವೂ ತಲೆಗೆ ಹತ್ತಲಿಲ್ಲ. ಯುವರಾಜನೂ ಅದೇಕೋ ಬಾಯಿ ಹೊಲಿದುಕೊಂಡವನಂತೆ ಕೂತಿದ್ದ. ಮಧ್ಯಾಹ್ನ ಅವನ ಡಬ್ಬಿಯಲ್ಲಿದ್ದ ಚಿತ್ರಾನ್ನ ಹಾಗೇ ಉಳಿದಿತ್ತು.

ಸಂಜೆ ಬರುವಾಗ ಕೋಮಲ ಗಿಡ್ಡಮ್ಮನ ಮನೆಯ ಮುಂದೆ ನಿಂತಳು. ದಿನಾ ಇಷ್ಟು ಹೊತ್ತಿಗೆ ಗಿಡ್ಡಮ್ಮ ಜಗಲಿಯ ಮೇಲೆ ಸ್ಲೇಟು ಹಿಡಿದು ಕೂತಿರುತ್ತಿದ್ದರು. ಸಾಕ್ಷರತಾ ಕ್ಲಾಸಿಗೆ ಹೋಗಿ ಅರವತ್ತನೇ ವಯಸ್ಸಿನಲ್ಲಿ ಅಕ್ಷರ ಕಲಿತವರು ಅವರು. ಒತ್ತಕ್ಷರ ಬಂದಾಗ ಮಾತ್ರ ಕೋಮಲ ಬೇಕಿತ್ತು. "ಟೀಚರಮ್ಮ, ಇದ್ನೊಸಿ ತಿದ್ಕೊಡು," ಎಂದು ಕೂಗಿ, ತಿದ್ದಿದ್ದಕ್ಕೆ ಒಂದು ಚೂರು ಬೆಲ್ಲ ಕೊಡುತ್ತಿದ್ದರು.

ಇವತ್ತು ಜಗಲಿ ಖಾಲಿ. ಗಿಡ್ಡಮ್ಮ ಒಳಗೆ ಕಾಲು ನೀಡಿ ಕೂತಿದ್ದರು. ಸ್ಲೇಟು ಗೋಡೆಯ ಕಡೆ ಮುಖಮಾಡಿ ನಿಂತಿತ್ತು.

"ಇವತ್ತು ಬರೆಯಲ್ವಾ ಅಜ್ಜಿ?"

"ಬ್ಯಾಡ ಕಣವ್ವ. ಬರೆಯೋದ್ ಕಲ್ತಿದ್ದೇ ತಪ್ಪಾಯ್ತು. ಹೆಬ್ಬೆಟ್ಟು ಒತ್ಕಂಡೇ ಇದ್ದಿದ್ರೆ ಇವತ್ತು ಯಾರೂ ನನ್ ಕಡೆ ಬೆರಳು ತೋರಿಸ್ತಿರ್ಲಿಲ್ಲ."

ಗಿಡ್ಡಮ್ಮ ಅಳುತ್ತಿರಲಿಲ್ಲ. ಅತ್ತಿದ್ದರೂ ಚೆನ್ನಾಗಿತ್ತು ಎನಿಸಿತು ಕೋಮಲಳಿಗೆ. ಅವಳು ಬ್ಯಾಗನ್ನು ಅಲ್ಲೇ ಜಗಲಿಯ ಮೇಲೆ ಎಸೆದು ಪಕ್ಕದ ಮನೆಗೆ ಓಡಿದಳು. ಎಲ್ಲಿ ಮನಸ್ಸು ಬದಲಾಗಿಬಿಡುತ್ತದೋ ಎಂಬ ಹೆದರಿಕೆಗೆ ಬಾಗಿಲಿಂದಲೇ ಕೂಗಿದಳು.

"ಅದು ನಾನು ಬರೆದಿದ್ದು! ಗಿಡ್ಡಮ್ಮಜ್ಜಿ ಅಲ್ಲ, ನಾನು! ಅದು ಮಾಟ ಅಲ್ಲ, ವಿಡಿಯೋ ಗೇಮು!"

ಅಕ್ಕಿ ಆರಿಸುತ್ತಿದ್ದ ಗಿರಿಯಮ್ಮ ತಲೆ ಎತ್ತಿದರು. "ಗಿಡ್ಡಮ್ಮ ಹೇಳ್ಕೊಟ್ಟು ಕಳ್ಸಿದ್ಲಾ?"

"ಇಲ್ಲ ಅಜ್ಜಿ! ಬೇಕಾದ್ರೆ ಮಾಡಿ ತೋರಿಸ್ತೀನಿ. ಕಾಗದ ನೀವೇ ಇಟ್ಕೊಳ್ಳಿ. ಟೀವಿ ಹಾಕಿ."

"ಎಲ್ಲಿ ಹಾಕೋದು? ಕರೆಂಟ್ ಇಲ್ವಲ್ಲ," ಎಂದರು ಜವರಣ್ಣ.

ಲೋಡ್ ಶೆಡ್ಡಿಂಗ್. ಆರು ಗಂಟೆಯವರೆಗೆ ಕಾಯಬೇಕು. ಕೋಮಲ ಟೀವಿಯ ಮುಂದೆ ಚಕ್ಕಂಬಕ್ಕಲ ಹಾಕಿ ಕೂತಳು. ಯುವರಾಜ್ ಕಂಬಕ್ಕೆ ಒರಗಿ ಉಗುರು ಕಚ್ಚುತ್ತಿದ್ದ. ಗಿರಿಯಮ್ಮ ಕಾಗದವನ್ನು ಖಾಲಿ ಮೊರದ ಮೇಲಿಟ್ಟು ಅದನ್ನೇ ಕಾಯುತ್ತಿದ್ದರು. ಕೋಮಲ ಗಡಿಯಾರ ನೋಡಿದಳು, ಬಲ್ಬ್ ನೋಡಿದಳು, ಮತ್ತೆ ಗಡಿಯಾರ ನೋಡಿದಳು.

ಬಲ್ಬ್ ಹತ್ತಿಕೊಂಡಿತು.

ಯುವರಾಜ್ ಕ್ಯಾಸೆಟ್ಟಿಗೆ 'ಉಫ್' ಎಂದು ಊದಿ ಸಿಕ್ಕಿಸಿದ. ಗಡ್ಡದ ತಾತ ಬಂದು ನಿಂತ. ಕೋಮಲ ಒತ್ತಿದಳು. ತಾತ ಕುಕ್ಕರುಗಾಲಲ್ಲಿ ಕೂತು ಎದ್ದ, ಅಷ್ಟೇ. ಕೈ ಬೆವರಿ ಬಟನ್ ಜಾರುತ್ತಿತ್ತು. ಮತ್ತೆ ಒತ್ತಿದಳು. ತಾತ ಸುಮ್ಮನೆ ಗಾಳಿಗೆ ಗುದ್ದಿದ. ಎದುರಾಳಿ ಬಂದು ಒದ್ದು ಹೋದ.

"ನೋಡ್ದಾ, ಸುಳ್ಳು," ಎಂದರು ಗಿರಿಯಮ್ಮ.

ಕೋಮಲ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. "ಜವರಣ್ಣ ಮಾಮ, ನೀವು ಕಾಗದ ನೋಡ್ಕೊಂಡು ಹೇಳಿ. ನಾನು ಒತ್ತೀನಿ."

"ಕೆಳಕ್ಕೆ," ಎಂದರು ಜವರಣ್ಣ. "ಕೆಳಕ್ಕೆ. ಮುಂದಕ್ಕೆ. ಎ!"

ಧಗ್ಗನೆ ಬೆಂಕಿಯ ಉಂಡೆ ಹಾರಿತು. ಗಿರಿಯಮ್ಮ ಮೊರವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಎರಡನೇ ಸಲ ಹಾರಿತು. ಮೂರನೇ ಸಲಕ್ಕೆ ಎದುರಾಳಿ ದೊಪ್ಪನೆ ಬಿದ್ದ.

"ಮೂರು ಸಲ ಬಿಟ್ಟರೆ ಸಾಯ್ತಾನೆ!" ಜವರಣ್ಣ ತೊಡೆ ತಟ್ಟಿ ನಗತೊಡಗಿದರು. "ಅವ್ವ, ನಿನ್ ಮಾಟ ನೋಡು! ಎದ್ದ ನೋಡು, ಮತ್ತೆ ಬಂದ!"

ಕೋಮಲಳಿಗೆ ಎಷ್ಟು ಹಗುರವಾಯಿತೆಂದರೆ ಕಣ್ಣಲ್ಲಿ ನೀರೇ ಬಂತು. ಬೆಳಗ್ಗೆಯಿಂದ ಎದೆಯ ಮೇಲೆ ಕೂತಿದ್ದ ರುಬ್ಬುಗುಂಡನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು.

ಗಿರಿಯಮ್ಮ ಮಾತ್ರ ನಗಲಿಲ್ಲ. "ಸರಿ ಕಣವ್ವ, ಇದು ಆಟವೇ ಇರ್ಲಿ. ಮತ್ತೆ ಕೆಂದಿ ಹಾಲು ಎಲ್ಲಿ ಹೋಯ್ತು?"

ಯುವರಾಜ್ ಕೋಮಲಳ ಕಡೆ ನೋಡಿದ. ಇಷ್ಟು ದೊಡ್ಡದನ್ನು ಹೇಳಿಯೂ ಅವಳು ನೆಟ್ಟಗೇ ಕೂತಿದ್ದಳು, ಯಾರೂ ಅವಳನ್ನು ಹೊಡೆದಿರಲಿಲ್ಲ.

"ಅಜ್ಜಿ... ಕರು ಕುಡೀತು," ಎಂದ ಅವನು ಮೆಲ್ಲಗೆ.

"ಏನಂದೆ?"

"ಸಂಜೆ ಕರು ಕಟ್ಟೋದು ನನ್ ಕೆಲಸ ತಾನೆ? ಗೇಮ್ ಆಡೋ ಅರ್ಜೆಂಟಲ್ಲಿ ಒಂದೇ ಗಂಟು ಹಾಕಿದ್ದೆ. ಎರಡು ದಿನನೂ ಬಿಚ್ಕೊಂಡಿತ್ತು. ಬೆಳಗ್ಗೆ ನೀನು ಏಳೋದ್ರೊಳಗೆ ಎಳೆದು ಕಟ್ಟಿಬಿಟ್ಟೆ."

"ಲೋ ಕಳ್ಳ!" ಎಂದು ಗಿರಿಯಮ್ಮ ಮೊರ ಎತ್ತಿದರು. ಎತ್ತಿದ ಮೊರ ಹಾಗೇ ನಿಂತಿತು. ಆಮೇಲೆ ಅದನ್ನು ಕೆಳಗಿಟ್ಟರು. ಅವರ ಮುಖ ಸಣ್ಣದಾಗಿತ್ತು.

ಅವರು ಎದ್ದು, ಕಾಗದವನ್ನು ಕೈಯಲ್ಲೇ ತೆಗೆದುಕೊಂಡರು. "ನೀನೂ ಬಾ," ಎಂದು ಕೋಮಲಳನ್ನು ಕರೆದು ಬೇಲಿಯ ಸಂದಿಯಿಂದ ಪಕ್ಕದ ಮನೆಗೆ ನಡೆದರು.

ಗಿಡ್ಡಮ್ಮ ಬಾಗಿಲ ಬಳಿ ಕೂತು ಮಂಡಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದರು. ನಾಳೆ ಬೆಟ್ಟದ ಮೆಟ್ಟಿಲು ಹತ್ತಬೇಕಲ್ಲ. ಗಿರಿಯಮ್ಮನನ್ನು ನೋಡಿದರು, ಎಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ.

ಗಿರಿಯಮ್ಮ ಕಾಗದ ಚಾಚಿದರು. "ಇದು ಈ ಹುಡುಗಿ ಬರ್ದಿದ್ದಂತೆ. ಟೀವಿ ಆಟದ್ದು. ನೀನೇ ಓದ್ಕೋ."

ಗಿಡ್ಡಮ್ಮ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿ, ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. "ಬೆಂ... ಕಿ... ಮಂ... ತ್ರ." ಒತ್ತಕ್ಷರವನ್ನೂ ಬಿಡಲಿಲ್ಲ. ಆಮೇಲೆ ಕೋಮಲಳನ್ನು ನೋಡಿ, "ನಿಂದೂ ನನ್ನಷ್ಟೇ ಸೊಟ್ಟ ಐತಲ್ಲೇ, ಟೀಚರಮ್ಮ," ಎಂದರು.

ಕೋಮಲ, "ತಪ್ಪಾಯ್ತು ಅಜ್ಜಿ, ಬೆಳಗ್ಗೆನೇ ಹೇಳ್ಬೇಕಿತ್ತು," ಎಂದಳು. ಗಿಡ್ಡಮ್ಮ ಅವಳ ಕೆನ್ನೆ ಹಿಂಡಿದರು. ಕೆನ್ನೆಗೆ ಹರಳೆಣ್ಣೆ ಮೆತ್ತಿಕೊಂಡಿತು.

ಗಿರಿಯಮ್ಮ ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದರು. ಅವರ ಬೆರಳು ಸೆರಗಿನ ತುದಿಯನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು.

ಅವರ ಗಂಟಲಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಕೋಮಲಳಿಗೆ ಗೊತ್ತಿತ್ತು. ಅಂಥದ್ದೇ ಒಂದು ಮಾತು ಬೆಳಗ್ಗೆಯಿಂದ ಅವಳ ಗಂಟಲಲ್ಲೂ ಇತ್ತು. ಯಾರಾದರೂ ಮುಖವನ್ನೇ ನೋಡುತ್ತಿದ್ದರೆ ಅದು ಹೊರಗೆ ಬರುವುದೇ ಇಲ್ಲ.

ಅವಳು ಬೇರೆ ಕಡೆ ತಿರುಗಿದಳು. ಬೇಲಿಯ ಬಳಿ ನುಗ್ಗೆಮರ ಇತ್ತು. ಅದರ ಕಾಯಿಗಳನ್ನು ಎಣಿಸತೊಡಗಿದಳು. ಒಂದು, ಎರಡು, ಮೂರು...

ಹನ್ನೊಂದನೇ ಕಾಯಿಗೆ ಬಂದಾಗ ಬೆನ್ನ ಹಿಂದೆ ಗಿರಿಯಮ್ಮನ ದನಿ ಕೇಳಿಸಿತು. ಬೆಳಗಿನ ದನಿಗಿಂತ ಅದು ಬಹಳ ಸಣ್ಣದಾಗಿತ್ತು.

"ತಪ್ಪಾಯ್ತು ಕಣೇ ಗಿಡ್ಡಿ."

ಕೋಮಲ ತಿರುಗಿ ನೋಡಲಿಲ್ಲ. ಹನ್ನೆರಡನೇ ಕಾಯಿಯನ್ನು ನಿಧಾನವಾಗಿ ಎಣಿಸಿದಳು.