ಬನಹಟ್ಟಿ ದಾರಿಗೆ ಅಡ್ಡ ನಿಂತ ನಾಯಿ

ಅಂಜನಾಳ ಕಾರಿಗೆ ನಾಯಿ ಬಡಿದದ್ದು ಬೆಳಿಗ್ಗೆ ಎಂಟೂವರೆಗೆ. ಅದೇ ಜಾಗದಲ್ಲಿ, ರಸ್ತೆಯಿಂದ ಆರು ಹೆಜ್ಜೆ ಆಚೆ, ಕಬ್ಬಿನೊಳಗೆ ಒಬ್ಬ ಮನುಷ್ಯ ಬಿದ್ದಿರುವುದು ಪೊಲೀಸರಿಗೆ ಗೊತ್ತಾದದ್ದು ಒಂಬತ್ತಕ್ಕೆ.

ಅಂಜನಾಳಿಗೆ ಇದು ಗೊತ್ತಾಗುವಾಗ ಹನ್ನೊಂದಾಗಿತ್ತು. ಬನಹಟ್ಟಿಯ ಅಂಚೆ ಕಚೇರಿಯಲ್ಲಿ ಕೂತು ರಿಜಿಸ್ಟರ್ ಲಕೋಟೆಗಳಿಗೆ ಠಸ್ಸೆ ಒತ್ತುತ್ತಿದ್ದಳು. ಸರದಿಯಲ್ಲಿ ನಿಂತವರನ್ನು ಪಕ್ಕಕ್ಕೆ ಸರಿಸಿ ಖಾಕಿ ತೊಟ್ಟ ಹೆಂಗಸೊಬ್ಬರು ಕೌಂಟರಿಗೆ ಬಂದರು. ಎಎಸ್‌ಐ ಯಲ್ಲವ್ವ. ನಿವೃತ್ತಿಗೆ ಇನ್ನು ಎರಡು ವರ್ಷ, ಹಣೆಯ ಮೇಲೆ ಅಗಲವಾದ ಕುಂಕುಮ, ಮಾತು ಕಡಿಮೆ.

“ಹೊರಗ ನಿಂತ ಬಿಳಿ ಕಾರು ನಿಮ್ದೇನ್ರಿ?”

“ಹೌದ್ರಿ ಮೇಡಂ. ಯಾಕ್ರಿ?”

“ಬಂಪರ್ ಒಡದೈತಿ. ರಕ್ತ ಹತ್ತೇತಿ.”

“ನಾಯಿ ಅಡ್ಡ ಬಂತ್ರಿ. ನಾನ ಎತ್ತಿ ದನದ ದವಾಖಾನಿಗೆ ಹಾಕಿ ಬಂದೇನ್ರಿ.”

“ನಾಯಿ ಒಂದಕ್ಕ ಹೊಡದ್ರೇನು?”

ಅಂಜನಾಳ ಕೈಯಲ್ಲಿದ್ದ ಠಸ್ಸೆ ಅಲ್ಲೇ ನಿಂತಿತು.

“ಹಂಗಂದ್ರೇನ್ರಿ?”

“ಕರೆಪ್ಪ ಅಂತ. ಪವರ್‌ಲೂಮಿನ್ಯಾಗ ನೇಯಾಂವ. ರಾತ್ರಿ ಪಾಳಿ ಮುಗಿಸಿ ತನ್ನ ನಾಯಿ ಕೂಡ ಮನಿಗೆ ಹೊಂಟಿದ್ದ. ನಾಯಿ ಬಿದ್ದ ಜಾಗಾದಾಗ ಅಂವನೂ ಬಿದ್ದಾನ. ತಲಿಗೆ ಪೆಟ್ಟು ಆಗೇತಿ. ಬಾಗಲಕೋಟಿಗೆ ಒಯ್ದಾರ, ಇನ್ನೂ ಎಚ್ಚರಿಲ್ಲ.”

ಸರದಿಯಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ‘ನಾನಲ್ಲ’ ಎಂದು ಹೇಳಬೇಕಿತ್ತು. ಆದರೆ ತಾನು ಹೌದೋ ಅಲ್ಲವೋ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಅಂಜನಾ ಕಾರು ಕಲಿತು ಮೂರು ತಿಂಗಳಾಗಿತ್ತು. ಗೇರು, ಕ್ಲಚ್ಚು ಎಲ್ಲ ಚೆನ್ನಾಗಿ ಬಂದಿತ್ತು. ಒಂದೇ ಒಂದು ಕೆಟ್ಟ ಚಾಳಿ ಮಾತ್ರ ಹೋಗಿರಲಿಲ್ಲ. ಏನಾದರೂ ದಿಢೀರನೆ ಅಡ್ಡ ಬಂದರೆ ಬ್ರೇಕ್ ತುಳಿದು ಕಣ್ಣು ಮುಚ್ಚಿಬಿಡುತ್ತಿದ್ದಳು. ಇದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ಗಂಡ ಅರುಣ. ಇನ್ನೊಬ್ಬ, ಜಮಖಂಡಿಯಲ್ಲಿ ಡ್ರೈವಿಂಗ್ ಶಾಲೆ ಇಟ್ಟುಕೊಂಡು ಅವಳಿಗೆ ಕಾರು ಕಲಿಸಿದ ಜ್ಞಾನೇಶ್ವರ.

ಆ ಬೆಳಿಗ್ಗೆಯೂ ಅದೇ ಆಯಿತು. ಬನಹಟ್ಟಿ ಎರಡು ಕಿಲೋಮೀಟರ್ ಇರುವಾಗ ತಿರುವು ದಾಟಿದಳು. ರಸ್ತೆಯ ನಟ್ಟನಡುವೆ ಬೂದು ಬಣ್ಣದ ಮುಧೋಳ ನಾಯಿ. ಹಾರ್ನ್ ಹೊಡೆದಳು. ಸರಿಯಲಿಲ್ಲ. ಕೈ ಎತ್ತದೆ ಒಂದೇ ಸಮನೆ ಒತ್ತಿದಳು. ಅದು ಅವಳನ್ನೇ ನೋಡುತ್ತ ನಿಂತಿತ್ತು. ಆಮೇಲೆ ಅವಳ ಕಣ್ಣು ಮುಚ್ಚಿತು, ಧಡ್ ಎಂದಿತು. ಕಣ್ಣು ತೆರೆದಾಗ ಕಾರು ರಸ್ತೆಯ ಎಡ ಅಂಚಿನಲ್ಲಿತ್ತು, ನಾಯಿ ಮಣ್ಣಿನಲ್ಲಿ ಬಿದ್ದಿತ್ತು. ಶಾಲಿನಲ್ಲಿ ಸುತ್ತಿ ಎತ್ತಿಕೊಂಡರೆ ಕೊಸರಾಡಿ ಕೆಳಗಿಳಿಯಲು ನೋಡಿತು. ನೋವಿಗೆ ಹಾಗೆ ಮಾಡುತ್ತಿದೆ ಅಂದುಕೊಂಡು ಹಿಂದಿನ ಸೀಟಿಗೆ ಹಾಕಿ ಬಾಗಿಲು ಬಡಿದಿದ್ದಳು.

ಧಡ್ ಎಂದದ್ದು ಒಂದು ಸಲವೋ, ಎರಡು ಸಲವೋ?

ಠಾಣೆಗೆ ಹೋದರೆ ಅಂಗಳದ ಬೇವಿನ ಗಿಡದ ಕೆಳಗೆ ಜ್ಞಾನೇಶ್ವರನೇ ನಿಂತಿದ್ದ. ಗುರುತಿನ ಮುಖ ಕಂಡು ಅಂಜನಾಳಿಗೆ ಅರ್ಧ ಜೀವ ಬಂದಂತಾಯಿತು. ಆದರೆ ಅವನು ತಲೆ ತಗ್ಗಿಸಿದ.

“ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ನಾ ನಿಮ್ಮ ಹಿಂದನ ಬರಾಕತ್ತಿದ್ದೆ. ಕಂಡದ್ದು ಹೇಳಬೇಕಾತು.”

“ಏನ್ ಕಂಡ್ರಿ?”

“ನೀವು ನಾಯಿಗೂ ಹೊಡದ್ರಿ, ಆ ಮುದುಕಗೂ ಹೊಡದ್ರಿ. ಮೊದಲ ನನಗೂ ನಾಯಿ ಒಂದ ಅನಿಸಿತ್ತು, ಮುಂದ ಹೋಗಿಬಿಟ್ಟೆ. ಮನಸ್ಸು ತಡೀಲಿಲ್ಲ. ತಿರುಗಿ ಬಂದು ನೋಡಿದ್ರ ಕಬ್ಬಿನ್ಯಾಗ ಬಿದ್ದಿದ್ದ. ಪೊಲೀಸರಿಗೆ ಫೋನ್ ಮಾಡಿದಾಂವ ನಾನ.”

“ಖರೇನ ನಾನು ಹೊಡದ್ನಾ?”

ಅವನು ದನಿ ತಗ್ಗಿಸಿದ. “ನೀವು ಕಣ್ಣ ಮುಚ್ಚಿದ್ರಿ. ಹೌದಲ್ರಿ?”

ಅವಳು ತಲೆಯಾಡಿಸಿದಳು.

“ಮತ್ತ ನಿಮಗ ಹೆಂಗ ಗೊತ್ತಾಗಬೇಕು? ಒಪ್ಪಿಕೊಂಡುಬಿಡ್ರಿ ಅಕ್ಕಾರ. ಮುದುಕನ ಅಡ್ಡ ಬಂದ ಅಂತ ನಾ ಸಾಕ್ಷಿ ಹೇಳ್ತೇನಿ. ಕೇಸು ಹಗುರಾಗಿ ಹೋಗತೈತಿ.”

ಎಷ್ಟು ಅಕ್ಕರೆಯಿಂದ ಹೇಳಿದನೆಂದರೆ ಅಂಜನಾ ಅವನಿಗೆ ಕೈ ಮುಗಿದಳು!

ಬಂಪರಿನ ರಕ್ತ ಪರೀಕ್ಷೆಗೆ ಹೋಯಿತು. ವರದಿ ಬರಲು ತಿಂಗಳಾದರೂ ಬೇಕು ಎಂದರು. ಕಾರು ಠಾಣೆಯಲ್ಲೇ ಉಳಿಯಿತು. ಅರುಣ ಬಂದು ಅವಳನ್ನು ಬೈಕಿನಲ್ಲಿ ಜಮಖಂಡಿಗೆ ಕರೆದೊಯ್ದ. ದಾರಿಯುದ್ದಕ್ಕೂ ಒಂದೇ ಮಾತು: “ಕಣ್ಣ ಮುಚ್ಚಿದ್ದಿ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ. ಬೇಲ್ ಆಗೂತನಕ ಸುಮ್ಮನಿರು.” ಅವನಿಗೂ ಹೆದರಿಕೆ. ಹೆದರಿದ ಗಂಡಸರು ಹೆಂಡತಿಗೆ ಬುದ್ಧಿ ಹೇಳಿಯೇ ಧೈರ್ಯ ತಂದುಕೊಳ್ಳುವುದು.

ಅಂಜನಾ ಆ ಸಂಜೆ ಕೂತಲ್ಲಿ ಕೂಡಲಿಲ್ಲ. ಪಕ್ಕದ ಮನೆಯಲ್ಲಿ ಕೊಡ ಇಟ್ಟ ಸದ್ದಾದರೂ ಎದ್ದು ನಿಂತಳು. ಒಂದು ಸಲವೋ, ಎರಡು ಸಲವೋ? ಜೈಲಿನ ಭಯವೂ ಇತ್ತು, ನೌಕರಿ ಹೋಗುವ ಭಯವೂ ಇತ್ತು. ಎಲ್ಲಕ್ಕಿಂತ ದೊಡ್ಡದು ಬೇರೆ. ಒಂದು ಜೀವವನ್ನು ಸಾಯುವಂತೆ ಹೊಡೆದು, ಅದು ತಿಳಿಯದೆಯೇ ಲಕೋಟೆಗೆ ಠಸ್ಸೆ ಒತ್ತುತ್ತ ಕೂತಿದ್ದೆನೇ? ಇನ್ನು ಕಾಯಲು ಅವಳಿಂದ ಆಗುತ್ತಿರಲಿಲ್ಲ. ಬೆಳಗಾದ ಕೂಡಲೇ ಅರುಣನಿಗೆ ಹೇಳದೆ ಬನಹಟ್ಟಿಯ ಬಸ್ಸು ಹತ್ತಿದಳು.

ದನದ ದವಾಖಾನೆಯ ಪಡಸಾಲೆಯಲ್ಲಿ ಗೋಣಿತಟ್ಟಿನ ಮೇಲೆ ನಾಯಿ ಮಲಗಿತ್ತು. ಹಿಂಗಾಲಿಗೆ ಪಟ್ಟಿ. ಎದುರಿಗೆ ಹೆಂಗಸೊಬ್ಬಳು ಹಾಲಿನಲ್ಲಿ ರೊಟ್ಟಿ ಕಲಸುತ್ತಿದ್ದಳು. ಕರೆಪ್ಪನ ಹೆಂಡತಿ ಶೇವಂತಿ. ಎಎಸ್‌ಐ ಯಲ್ಲವ್ವ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದರು.

ಅಂಜನಾ ಹತ್ತಿರ ಹೋಗಿ ನಿಂತಳು.

“ನಾಯಿಗೆ ಹೊಡದಾಕಿ ನಾನ್ರಿ.”

ಶೇವಂತಿ ತಲೆ ಎತ್ತಿದಳು. ಬೈಯಲಿಲ್ಲ. ಬೈದಿದ್ದರೆ ಅಂಜನಾಳಿಗೆ ಸಮಾಧಾನವಾಗುತ್ತಿತ್ತು.

“ಮಗಾ ಬಾಗಲಕೋಟ್ಯಾಗ ಅವರಪ್ಪನ ಕಡೆ ಅದಾನ್ರಿ. ಇದಕ್ಕ ಯಾರ ಅದಾರ? ನಾ ಒಂದ ತಾಸಿಗೆ ಬಂದೆ. ಮತ್ತ ಬಸ್ಸಿಗೆ ಹೋಗಬೇಕು.”

“ಅವರು ಹೆಂಗದಾರ್ರಿ?”

“ಉಸರಾಡತಾರ.”

ಅಷ್ಟರಲ್ಲಿ ನಾಯಿಯ ಬೆನ್ನ ಹಿಂದೆ, ಸೂಜಿ-ಕತ್ತರಿ ತುಂಬಿದ ಸ್ಟೀಲಿನ ಟ್ರೇ ಡಾಕ್ಟರ ಕೈಜಾರಿ ಢಣ್ಣನೆ ನೆಲಕ್ಕೆ ಬಿತ್ತು. ಅಂಜನಾ ಚೀರಿದಳು. ಶೇವಂತಿಯ ಕೈಯ ಹಾಲು ತುಳುಕಿತು. ನಾಯಿ ಹಾಗೇ ಮಲಗಿತ್ತು. ಸ್ವಲ್ಪ ಹೊತ್ತಿಗೆ ಶೇವಂತಿ ಅದರ ಮುಖದ ಮುಂದೆ ಅಂಗೈ ತೋರಿ ಬೆರಳು ಮಡಿಚಿದಳು. ತಕ್ಷಣ ತಲೆ ಎತ್ತಿ ರೊಟ್ಟಿಗೆ ಬಾಯಿ ಹಾಕಿತು.

ಯಲ್ಲವ್ವ ಕಂಬ ಬಿಟ್ಟು ಮುಂದೆ ಬಂದರು.

“ಇದರ ಹೆಸರೇನವಾ?”

“ಹೆಸರ ಇಟ್ಟಿಲ್ರಿ.”

“ಎಷ್ಟ ವರ್ಷ ಆತು ಸಾಕಿ?”

“ಐದು. ಮರಿ ಇದ್ದಾಗ ತಂದದ್ರಿ. ಮಗ್ಗದ ಶೆಡ್ಡಿನ್ಯಾಗ ಬೆಳದೈತಿ.”

ಯಲ್ಲವ್ವ ಅಂಜನಾಳ ಕಡೆ ತಿರುಗಿದರು. “ಹಾರ್ನ್ ಹೊಡದ್ರಿ ನೀವು?”

“ಹೊಡದೇನ್ರಿ. ಒತ್ತಿ ಹಿಡದಿದ್ದೆ. ಖರೇನ ಹೇಳ್ತೇನ್ರಿ, ಅದು ಅಲುಗಾಡಲಿಲ್ಲ.”

“ಮಧ್ಯಾಹ್ನ ಠಾಣೇಕ ಬರ್ರಿ. ನಿಮ್ಮ ಮನಿಯವರನ್ನೂ ಕರಕೊಂಡ ಬರ್ರಿ.”

ಅಂಜನಾ ಹೊರಗೆ ಬಂದು ಅರುಣನಿಗೆ ಫೋನ್ ಮಾಡಿದಳು. ಗಂಡನನ್ನು ಕರೆಸುತ್ತಾರೆಂದರೆ ಹಿಡಿದು ಒಳಗೆ ಹಾಕುವುದಕ್ಕೇ ಇರಬೇಕು.

ಮಧ್ಯಾಹ್ನ ಎರಡು ಗಂಟೆ. ಠಾಣೆಯ ಒಳಕೋಣೆಯಲ್ಲಿ ಅಂಜನಾ, ಅರುಣ. ಎದುರಿನ ಕುರ್ಚಿಯಲ್ಲಿ ಜ್ಞಾನೇಶ್ವರ. ಮೇಜಿನ ಮೇಲೆ ಟವೆಲಿನಲ್ಲಿ ಸುತ್ತಿದ ಏನೋ ಒಂದು. ಯಲ್ಲವ್ವ ಅದರ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

“ಜ್ಞಾನೇಶ್ವರ, ಇನ್ನೊಮ್ಮೆ ಹೇಳಪಾ. ಅವಸರಿಲ್ಲ.”

“ಅದನ್ನ ರೀ ಮೇಡಂ. ಮುದುಕ ಎಡಗಡೆ ಹೊಂಟಿದ್ದ. ನಾಯಿ ರಸ್ತೆ ನಡುವ ಇತ್ತು. ಅಕ್ಕಾರು ಹಾರ್ನ್ ಹೊಡದ್ರು. ಮುದುಕ ‘ಏ, ಬಾರಲೇ’ ಅಂತ ಒದರಿದ. ನಾಯಿ ಅದನ್ನ ಕೇಳಿ ಅವನ ಕಡೆ ಜಿಗೀತು. ಅಕ್ಕಾರು ಗಾಬರಿ ಆಗಿ ಅತ್ಲಾಗ ತಿರುವಿದ್ರು. ಇಬ್ಬರಿಗೂ ಬಡೀತು.”

“ಒದರಿದ್ದು ನಿನಗ ಕೇಳಿಸ್ತು?”

“ಕಾರಿನ ಕಿಟಕಿ ಕಾಚು ಇಳಿಸಿದ್ದೆರಿ. ಛಲೋ ಕೇಳಿಸ್ತು.”

“ನಾಯಿಗೂ ಕೇಳಿಸ್ತು?”

“ಹೌದ್ರಿ. ಕೇಳಿದ ಕೂಡಲೇ ತಿರುಗಿತಲ್ಲ!”

“ನೀ ಕಂಡಿ?”

“ಕಣ್ಣಾರೆ ಕಂಡೇನ್ರಿ.”

ಯಲ್ಲವ್ವ ನಿಟ್ಟುಸಿರು ಬಿಟ್ಟರು.

“ನೋಡು, ನೀ ಹೇಳಿದ್ದು ಊರಾಗಿನ ಎಲ್ಲಾ ನಾಯಿ ಮಾಡೂ ಕೆಲಸ. ಅದಕ್ಕ ಯಾರಿಗೂ ಸಂಶೆ ಬರಲಿಲ್ಲ. ನನಗೂ ಬರಲಿಲ್ಲ. ಆದ್ರ ಈ ನಾಯಿ ಹಂಗ ಮಾಡೂದಿಲ್ಲ. ಇದಕ್ಕ ಕಿವಿ ಕೇಳೂದಿಲ್ಲ.”

ಜ್ಞಾನೇಶ್ವರ ಕುರ್ಚಿಯ ತುದಿಗೆ ಸರಿದ.

“ಎಂಟು ಮಗ್ಗದ ನಡುವ ಬೆಳದ ನಾಯಿ. ಹಗಲೂ ರಾತ್ರಿ ಖಡಖಡ ಖಡಖಡ. ನಮ್ಮವ್ವ ಮಗ್ಗದ ಶೆಡ್ಡಿನ್ಯಾಗ ಕಂಡಿಕಿಗೆ ನೂಲು ಸುತ್ತಿದಾಕಿ. ಅಲ್ಲಿ ಯಾರೂ ಯಾರನ್ನೂ ಒದರೂದಿಲ್ಲ, ಒದರಿದ್ರ ಕೇಳೂದಿಲ್ಲ. ಏನಿದ್ರೂ ಕೈಸನ್ನಿ. ನಾಯಿಗೂ ಅದ. ಹೆಸರ ಸೈತ ಇಟ್ಟಿಲ್ಲ, ಕರಿಯೂದಿದ್ರಲ್ಲೇನು ಹೆಸರು! ಡಾಕ್ಟರು ಎರಡೂ ಕಿವಿ ನೋಡಿ ಬರಕೊಟ್ಟಾರ. ಅಂದಮ್ಯಾಲ ಕರೆಪ್ಪ ಯಾಕ ಒದರತಾನ? ಒದರಿದ್ರ ನಾಯಿ ಹೆಂಗ ತಿರಗತೈತಿ? ನೀ ಅದನ್ನ ಕಂಡಿಲ್ಲ, ಜ್ಞಾನೇಶ್ವರ. ಕುಂತು ಕಟ್ಟಿದಿ.”

“ದೂರಿತ್ರಿ ಮೇಡಂ… ತಪ್ಪ ಕೇಳಿಸಿರಬೇಕು—”

“ಕಾಣದಾಂವ ಕಂಡೇನಿ ಅಂತ ಯಾಕ ಬರತಾನ? ಅದನ್ನ ವಿಚಾರ ಮಾಡಿದೆ. ಮತ್ತೊಮ್ಮೆ ಆ ಕಬ್ಬಿಗೆ ಹೋಗಿ ಕೆಳಗ ಬಿದ್ದ ಒಣಗಿದ ಎಲಿ, ರವದಿ ಎಲ್ಲಾ ಸರಿಸಿದೆ. ಒಂದು ಚೂರು ಸಿಕ್ತು.”

ಟವೆಲ್ ಬಿಚ್ಚಿದರು. ಒಡೆದ ಸೈಡ್ ಮಿರರ್ ಒಂದು. ಪಕ್ಕದಲ್ಲಿ ಅಂಗೈಯಷ್ಟು ಕನ್ನಡಿ ಚೂರು. ಚೂರನ್ನು ಎತ್ತಿ ಒಡೆದ ಜಾಗಕ್ಕೆ ಹಿಡಿದರು. ಅಂಚಿಗೆ ಅಂಚು ಕೂಡಿತು.

“ಅಂಜನಾ ಅವರ ಕಾರಿನ ಎರಡೂ ಕನ್ನಡಿ ಗಟ್ಟಿ ಅದಾವ. ನಿನ್ನ ಕಾರಿನ ಎಡಗಡೆದು ಹೊಸದು. ನಿನ್ನೆ ಮಧ್ಯಾಹ್ನ ಮುಧೋಳದಾಗ ಹಾಕಿಸೀದಿ. ಗ್ಯಾರೇಜಿನಾಂವ ಹಳೇದನ್ನ ಇನ್ನೂ ಹೊರಗ ಒಗದಿರಲಿಲ್ಲ, ಅದ ಇದು. ಕರೆಪ್ಪಗ ಹೊಡದಾಂವ ನೀನು. ಅಂವ ಪಾಳಿ ಬಿಟ್ಟ ಹೊತ್ತು ನೋಡಿದ್ರ, ಎಂಟು ಗಂಟೇಕ ಹೊಡದಿ, ನಿಲ್ಲಿಸಲಿಲ್ಲ. ಅಂಜಿಕಿ ಆಗಿ ತಿರುಗಿ ಬಂದಿ. ಆವಾಗ ಈಕಿ ನಾಯಿ ಎತ್ತಾಕತ್ತಿದ್ದು ಕಂಡಿ. ಕಣ್ಣ ಮುಚ್ಚೂ ಚಾಳಿ ನಿನಗ ಗೊತ್ತಿತ್ತು; ನಿನ್ನೆ ಬೇವಿನ ಗಿಡದ ಕೆಳಗ ನೀ ಮೆಲ್ಲಕ ಅಂದದ್ದು ನನಗೂ ಕೇಳಿಸಿತ್ತು.”

ಜ್ಞಾನೇಶ್ವರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

“ಫೋನ್ ಬಂದಿತ್ರಿ… ಒಂದ ಗಳಿಗಿ ಕೆಳಗ ನೋಡಿದೆ… ಪೊಲೀಸರಿಗೆ ನಾನ ತಿಳಿಸೇನಲ್ರಿ ಮೇಡಂ! ನಾ ತಿಳಿಸದಿದ್ರ ಸಾಯ್ತಿದ್ದ!”

“ತಿಳಿಸಿದಿ. ಒಂದ ತಾಸು ತಡದು ತಿಳಿಸಿದಿ, ಮ್ಯಾಲ ಇನ್ನೊಬ್ಬರ ಹೆಸರ ಹೇಳಿ ತಿಳಿಸಿದಿ.”

ಪೇದೆ ಬಂದು ಅವನನ್ನು ಎಬ್ಬಿಸಿ ಕರೆದೊಯ್ದ. ಅಂಜನಾ ಕೂತಲ್ಲೇ ಅತ್ತಳು. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು. ಕಣ್ಣೊರೆಸಿಕೊಂಡ ಮೇಲೆ ಒಂದು ಮಾತು ಮಾತ್ರ ಉಳಿದಿತ್ತು. ಅದನ್ನು ಕೇಳದಿದ್ದರೂ ನಡೆಯುತ್ತಿತ್ತು. ಕೇಳಿದಳು.

“ಮೇಡಂ, ಕಿವಿ ಕೇಳಲಿಲ್ಲ, ಸರಿ. ಆದ್ರ ನಾ ಬರೂದು ಅದಕ್ಕ ಕಾಣತಿತ್ತು. ನನ್ನನ್ನ ನೋಡಾಕತ್ತಿತ್ತು. ಯಾಕ ಸರೀಲಿಲ್ಲ?”

ಯಲ್ಲವ್ವ ಕನ್ನಡಿ ಚೂರನ್ನು ಮತ್ತೆ ಟವೆಲಿನಲ್ಲಿ ಸುತ್ತಿದರು.

“ಮಾಲಕ ಬಿದ್ದು ಅರ್ಧ ತಾಸಾಗಿತ್ತು. ಎಷ್ಟ ಗಾಡಿ ಅದನ್ನ ತಪ್ಪಿಸಿಕೊಂಡ ಹೋಗಿದ್ವೋ ಏನೋ. ಯಾರರೆ ನಿಲ್ಲಲಿ ಅಂತ ಅಡ್ಡ ನಿಂತಿತ್ರಿ ಅದು.”

ಅರುಣ ಮೆಲ್ಲಗೆ ಎದ್ದು ಹೆಂಡತಿಯ ಭುಜ ಮುಟ್ಟಿದ. “ನಡಿ, ಮುಗೀತಲ್ಲ. ಕಾರಿನ ಕೀಲಿ ಇಸಕೊಂಡು ಹೋಗೂಣು.”

ಅಂಜನಾ ಏಳಲಿಲ್ಲ.

“ಮೇಡಂ, ನನ್ನ ಹೇಳಿಕಿ ಬರಕೊಳ್ರಿ.”

“ನಿಮ್ಮ ಮ್ಯಾಲ ಈಗೇನೂ ಇಲ್ರಿ.”

“ಐತ್ರಿ. ನಾಯಿಗೆ ಹೊಡದದ್ದು ಖರೆ. ನಿಲ್ಲಿಸಿ ಕೆಳಗ ಇಳದದ್ದೂ ಖರೆ. ಎತ್ತಿಕೊಂಡ್ರ ಅದು ಕಬ್ಬಿನ ಕಡೆ ಜಗ್ಗಾಕತ್ತಿತ್ತು. ಆರು ಹೆಜ್ಜಿ ಮ್ಯಾಲ ಅದರ ಮಾಲಕ ಬಿದ್ದಿದ್ದ. ಆಫೀಸಿಗೆ ಹೊತ್ತಾಗತೈತಿ ಅಂತ ನಾ ಅತ್ಲಾಗ ಹೊಳ್ಳಿ ಸೈತ ನೋಡಲಿಲ್ಲ. ಇಷ್ಟೂ ಬರಕೊಳ್ರಿ.”

“ಅಂಜನಾ!” ಎಂದ ಅರುಣ.

ಯಲ್ಲವ್ವ ಅವಳ ಮುಖವನ್ನೇ ನೋಡಿದರು. ಆಮೇಲೆ ಒಂದು ಹಾಳೆ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು, ತಾರೀಖು ಬರೆದರು.